ವಿಡಿಯೋಗೆ ಕತ್ತರಿ ಹಾಕದೆ ರಾತ್ರಿ ಲೋಡ್ ಹಿಡಿದದ್ದು: ಚಿಂತಾಮಣಿಯಿಂದ ನನ್ನ ಅನುಭವ

ನಾನು ಚಿಂತಾಮಣಿಯಲ್ಲಿ ಮನೆಮನೆಗೆ ಇಂಟರ್ನೆಟ್ ಕೊಡುವ ಆಪರೇಟರ್. ಯೂಟ್ಯೂಬ್‌ಗೆ ಲಗಾಮು ಹಾಕುವ ಡಬ್ಬ ತಗೊಳ್ಳದೆ ರಾತ್ರಿ ಒಂಬತ್ತರ ಲೋಡ್ ತಡೆಯೋಕಾಗಲ್ಲ ಅಂತ ನಮ್ಮ ಕಡೆಯ ಆಪರೇಟರ್‌ಗಳೆಲ್ಲ ಹೇಳುತ್ತಿದ್ದರು. ಡಬ್ಬದ ರೇಟು ಹತ್ತು ಲಕ್ಷದ ಮೇಲಿತ್ತು. ನಾನು ತಗೊಳ್ಳಲಿಲ್ಲ. ಈಗ ಅವರೇ ಫೋನ್ ಮಾಡಿ ಸೆಟ್ಟಿಂಗ್ ಕೇಳುತ್ತಾರೆ.

ಟೌನು, ಕೈವಾರದ ಕಡೆಯ ಹಳ್ಳಿಗಳು ಸೇರಿ ಸುಮಾರು 1,100 ಮನೆ. ಬೆಂಗಳೂರಿಂದ ಬರುವ ಲೈನ್ 2 ಜಿಬಿಪಿಎಸ್, ಅಂದರೆ ಸೆಕೆಂಡಿಗೆ 2 ಗಿಗಾಬಿಟ್. ಗ್ರಾಫ್ ನೋಡಿದರೆ ರಾತ್ರಿಯೂ 1.6 ದಾಟುತ್ತಿರಲಿಲ್ಲ, ಆದರೂ 'ಸುತ್ತುತ್ತಾ ಇದೆ ಸಾರ್' ಅಂತ ಫೋನ್ ನಿಲ್ಲುತ್ತಿರಲಿಲ್ಲ. ಗ್ರಾಫ್ ತೋರಿಸುವುದು ಐದು ನಿಮಿಷದ ಸರಾಸರಿ. ವಿಡಿಯೋ ಪ್ಲೇಯರ್ ಹಾಗೆ ಕೆಲಸ ಮಾಡಲ್ಲ ಅಲ್ವಾ? ಕೆಲವು ಸೆಕೆಂಡಿನ ವಿಡಿಯೋವನ್ನು ಫುಲ್ ಸ್ಪೀಡಲ್ಲಿ ಎಳೆದುಕೊಂಡು ಸುಮ್ಮನಾಗುತ್ತದೆ. 1080ಪಿಗೆ 5 ಎಂಬಿಪಿಎಸ್ ಸಾಕು, ಆದರೆ 100 ಎಂಬಿಪಿಎಸ್ ಪ್ಲಾನ್ ಇರುವ ಮನೆ ಆ ಕ್ಷಣಕ್ಕೆ 100 ಎಳೆಯುತ್ತದೆ. ಸೆಕೆಂಡಿಗೊಮ್ಮೆ ಓದಲು ಶುರು ಮಾಡಿದ ಮೇಲೆ ಲೈನ್ ಮತ್ತೆ ಮತ್ತೆ ತುಂಬಿ ಪ್ಯಾಕೆಟ್ ಬೀಳುವುದು ಕಂಡಿತು.

ಮೊದಲು ಎಲ್ಲರಂತೆ ಯುಡಿಪಿ 443ಕ್ಕೆ, ಅಂದರೆ ಯೂಟ್ಯೂಬ್‌ನ ಕ್ವಿಕ್ ಅನ್ನುವ ಸಾಗಣೆ ವಿಧಾನ ಬಳಸುವ ದಾರಿಗೆ, ಲಿಮಿಟ್ ಹಾಕಿ ನೋಡಿದೆ. ಯೂಟ್ಯೂಬ್ ಕ್ವಿಕ್ ಬಿಟ್ಟು ಹಳೇ ವಿಧಾನ ಟಿಸಿಪಿಗೆ ಹಾರಿತು, ಲೋಡ್ ಅಷ್ಟೇ ಇತ್ತು. ಜೊತೆಗೆ ಮಕ್ಕಳ ಗೂಗಲ್ ಮೀಟ್ ಕ್ಲಾಸ್ ಕೆಟ್ಟು ಬೈಗುಳ ಬೇರೆ. ಅಲ್ಲದೆ 2018ರ ನೆಟ್ ನ್ಯೂಟ್ರಾಲಿಟಿ (ಎಲ್ಲಾ ಟ್ರಾಫಿಕ್ಕಿಗೂ ಸಮಾನ ದಾರಿ) ನಿಯಮದಂತೆ ಒಂದು ಆ್ಯಪನ್ನು ಬೇಕಂತ ನಿಧಾನ ಮಾಡುವಂತಿಲ್ಲ.

ಆಮೇಲೆ ಇಡೀ ಲೈನಿಗೆ ಕೇಕ್ ಕ್ಯೂ ಹಾಕಿದೆ. ಪ್ಯಾಕೆಟ್‌ಗಳನ್ನು ಸಾಲಲ್ಲಿ ನಿಲ್ಲಿಸಿ ಎಲ್ಲರಿಗೂ ನ್ಯಾಯವಾಗಿ ಬಿಡುವ ವಿಧಾನ ಅದು. ಸಣ್ಣ ಲೈನಿಗೆ ಚಿನ್ನದಂಥದ್ದು. ಆದರೆ 2 ಗಿಗಾಗೆ ನನ್ನ ಮೈಕ್ರೋಟಿಕ್ ರೂಟರಿನ ಪ್ರೊಸೆಸರಲ್ಲಿ ಒಂದು ಕೋರ್ ನೂರಕ್ಕೆ ನೂರು ಲೋಡಿಗೆ ಹೋಗಿ ಕೂತಿತು. ಕೊನೆಗೆ ಎರಡಾಗಿ ಒಡೆದೆ: ಒಂದೊಂದು ಮನೆಗೆ ಎಫ್‌ಕ್ಯೂ-ಕೋಡೆಲ್ (ಸಾಲು ಉದ್ದವಾಗದಂತೆ ನೋಡುವ ಕ್ಯೂ), ಮೇಲೆ ಇಡೀ ಲೈನಿಗೆ ಮನೆ ಲೆಕ್ಕದಲ್ಲಿ ಹಂಚುವ ಪಿಸಿಕ್ಯೂ. ಕ್ಯೂ ದಾಟಿಸಿ ಪ್ಯಾಕೆಟ್ ಕಳಿಸುವ ಫಾಸ್ಟ್‌ಟ್ರ್ಯಾಕ್ ಸೆಟ್ಟಿಂಗ್ ತೆಗೆಯಲೇಬೇಕು, ಇಲ್ಲದಿದ್ದರೆ ಕ್ಯೂ ಇದ್ದೂ ಇಲ್ಲ. ಲೈನಿನ ಅಳತೆಗಿಂತ ಸ್ವಲ್ಪ ಕೆಳಗೇ ಸ್ಪೀಡ್ ಮಿತಿ ಕಟ್ಟಬೇಕು, ಆಗಲೇ ಸಾಲು ನಮ್ಮ ರೂಟರಲ್ಲಿ ನಿಲ್ಲುತ್ತದೆ. ಎಷ್ಟು ಕೆಳಗೆ, ಪಿಸಿಕ್ಯೂ ಲಿಮಿಟ್ ಎಷ್ಟು ಅನ್ನುವುದನ್ನು ಇಲ್ಲಿ ಬರೆಯಲ್ಲ. ಅದಕ್ಕೆ ನಾನು ನಿದ್ದೆ ಕೆಟ್ಟಿದ್ದೇನೆ.

ದುಡ್ಡು ಉಳಿದದ್ದು ಮಾತ್ರ ಅಳತೆಯಿಂದ. ಹಳೇ ಡೆಸ್ಕ್‌ಟಾಪಿಗೆ ಟ್ರಾಫಿಕ್ ಎಣಿಸುವ ಪಿಎಂಎಸಿಸಿಟಿ ಸಾಫ್ಟ್‌ವೇರ್ ಹಾಕಿ, ರೂಟರಿಂದ ನೆಟ್‌ಫ್ಲೋ (ಟ್ರಾಫಿಕ್ಕಿನ ಲೆಕ್ಕ) ಕಳಿಸಿ, ಎಎಸ್ ನಂಬರ್ (ಪ್ರತಿ ನೆಟ್‌ವರ್ಕಿನ ಗುರುತು ಸಂಖ್ಯೆ) ಪ್ರಕಾರ ಗುಡ್ಡೆ ಹಾಕಿದೆ. ಗೂಗಲ್ 15169, ಮೆಟಾ 32934, ನೆಟ್‌ಫ್ಲಿಕ್ಸ್ 2906, ಬೇರೆಯವರ ವಿಡಿಯೋ, ಫೈಲ್ ಹಂಚುವ ಅಕಮಾಯ್ 20940. ಯಾರ ಮನೆಯಲ್ಲಿ ಏನು ನೋಡಿದರು ಅನ್ನುವುದು ನನಗೆ ಬೇಡ, ಒಟ್ಟು ಸಾಕು. ಕ್ಯಾಶ್ (cache) ಡಬ್ಬಗಳು, ಅಂದರೆ ಜನಪ್ರಿಯ ವಿಡಿಯೋಗಳ ನಕಲನ್ನು ಹತ್ತಿರದಲ್ಲೇ ಇಟ್ಟುಕೊಂಡ ಸರ್ವರ್‌ಗಳು, ಎಷ್ಟೋ ಸಲ ಮೇಲಿನವರ (ನಮಗೆ ಲೈನ್ ಮಾರುವ ಕಂಪನಿಯ) ಐಪಿಯಲ್ಲೇ ಇರುತ್ತವೆ, ಆ ರೇಂಜುಗಳನ್ನು ಬೇರೆ ಬರೆದಿಟ್ಟೆ. ಒಟ್ಟು ಟ್ರಾಫಿಕ್‌ನಲ್ಲಿ ನೂರಕ್ಕೆ ಅರವತ್ತೋ ಅರವತ್ತೈದೋ ಬೆಂಗಳೂರಿನ ಕ್ಯಾಶ್‌ನಿಂದಲೇ ಬರುತ್ತಿತ್ತು. ಬಿಲ್ ಮಾತ್ರ ಬಹುಪಾಲು ದುಬಾರಿ ಇಂಟರ್ನೆಟ್ ರೇಟಿನಲ್ಲಿ! ಶೀಟ್ ಪ್ರಿಂಟ್ ಹಾಕಿ ಮೇಲಿನವರ ಮುಂದೆ ಇಟ್ಟೆ. ಕ್ಯಾಶ್ ರೇಟ್ ಬೇರೆ ಆಯಿತು. ತಿಂಗಳಿಗೆ ಐವತ್ತು ಸಾವಿರದ ಹತ್ತಿರ ಇಳಿಯಿತು. ಮಾತು ಹೇಗೆ ಶುರು ಮಾಡಿದೆ ಅಂತ ಕೇಳಬೇಡಿ.

ನಡುವೆ ಡಿಎನ್‌ಎಸ್ (ಸೈಟಿನ ಹೆಸರಿಗೆ ವಿಳಾಸ ಹುಡುಕಿ ಕೊಡುವ ಸೇವೆ) ಹುಚ್ಚು ಹಿಡಿದಿತ್ತು. ನಮ್ಮ ಹುಡುಗರು ಎಲ್ಲಾ ರೂಟರ್‌ಗೂ ಕ್ಲೌಡ್‌ಫ್ಲೇರ್‌ನ ಡಿಎನ್‌ಎಸ್ 1.1.1.1 ಹಾಕಿದ್ದರು. ಕೇಳುವವರು ಯಾವ ನೆಟ್‌ವರ್ಕಿನವರು ಅಂತ ಅದು ಮುಂದಕ್ಕೆ ಹೇಳುವುದಿಲ್ಲ, ಹೀಗಾಗಿ ಅಕಮಾಯ್ ಒಮ್ಮೊಮ್ಮೆ ದೂರದ ಸರ್ವರ್ ಕೊಡುತ್ತಿತ್ತು. ಅನ್‌ಬೌಂಡ್ ಸಾಫ್ಟ್‌ವೇರಿನಲ್ಲಿ ನಮ್ಮದೇ ಡಿಎನ್‌ಎಸ್ ಇಟ್ಟ ಮೇಲೆ ಹತ್ತಿರದ್ದೇ ಸಿಗುತ್ತಿದೆ.

ನಿಜವಾದ ಪರೀಕ್ಷೆ 2023ರ ನವೆಂಬರ್ 19ರ ವಿಶ್ವಕಪ್ ಫೈನಲ್. ಹಾಟ್‌ಸ್ಟಾರ್‌ನಲ್ಲಿ ಒಟ್ಟಿಗೆ 5.9 ಕೋಟಿ ಜನ ನೋಡಿದ ದಿನ. ನಮ್ಮ ಲೈನ್ ಮಧ್ಯಾಹ್ನದಿಂದಲೇ ನೆತ್ತಿಗೆ ಮುಟ್ಟಿತ್ತು, ಫೋನ್ ಬಂದದ್ದು ಬೆರಳೆಣಿಕೆ. ಆಸ್ಟ್ರೇಲಿಯಾದ ಟ್ರಾವಿಸ್ ಹೆಡ್ ಬಾರಿಸುತ್ತಾ ಹೋದಂತೆ ಟ್ರಾಫಿಕ್ ತಾನಾಗೇ ಇಳಿಯಿತು, ಅದಕ್ಕೆ ಯಾವ ಕ್ಯೂ ಕೂಡ ಬೇಕಾಗಲಿಲ್ಲ.

ಈಗ ತಲೆನೋವು ಅಪ್‌ಲೋಡ್ ಕಡೆ. ಟೊಮ್ಯಾಟೊ ಮಂಡಿಯವರೆಲ್ಲ ಸಿಸಿ ಕ್ಯಾಮೆರಾ ಹಾಕಿಸಿ ದಿನವಿಡೀ ಕ್ಲೌಡ್‌ಗೆ ಕಳಿಸುತ್ತಿದ್ದಾರೆ. ಅವರ ಓಎಲ್‌ಟಿ (ಮನೆ, ಅಂಗಡಿಗಳ ಫೈಬರ್ ಬಂದು ಸೇರುವ ನಮ್ಮ ಪೆಟ್ಟಿಗೆ) ಪೋರ್ಟ್ ಬೇರೆ ಮಾಡಬೇಕು.