ಅಣು ಒಡೆಯುವ ಕ್ಷಣವನ್ನು ಅಳೆಯುವ ಬಗೆ

ಅಯೋಡಿನ್ ಸಯನೈಡ್ ಅಣು ಒಡೆಯುವುದನ್ನು ಕಾಣಲು, 1999ರ ನೊಬೆಲ್ ಪುರಸ್ಕೃತ ಅಹ್ಮದ್ ಜೆವೈಲ್ ಅವರ ತಂಡ ಅಮೆರಿಕದ ಕ್ಯಾಲಿಫೋರ್ನಿಯಾ ತಂತ್ರಜ್ಞಾನ ಸಂಸ್ಥೆಯಲ್ಲಿ (ಕ್ಯಾಲ್ಟೆಕ್) ತೋರಿಸಿಕೊಟ್ಟ ದಾರಿಯೇ ಕಲಿಯುವವರಿಗೆ ಉತ್ತಮ. ಸುಮಾರು 307 ನ್ಯಾನೊಮೀಟರ್ ತರಂಗಾಂತರದ ಮೊದಲ ಲೇಸರ್ ಮಿಡಿತದಿಂದ ಅಯೋಡಿನ್ ಮತ್ತು ಸಿಎನ್ (ಕಾರ್ಬನ್-ನೈಟ್ರೋಜನ್ ಜೋಡಿ) ನಡುವಿನ ಬಂಧವನ್ನು ಕಡಿಯಿರಿ. 388 ನ್ಯಾನೊಮೀಟರ್ ಆಸುಪಾಸಿನ ಎರಡನೆಯ ಮಿಡಿತವು ಬೇರ್ಪಟ್ಟ ಸಿಎನ್ ತುಣುಕನ್ನು ಉದ್ರೇಕಿಸಿದಾಗ ಹೊಮ್ಮುವ ಪ್ರತಿದೀಪ್ತಿಯನ್ನು, ಅಂದರೆ ಆ ತುಣುಕು ಮರಳಿ ಸೂಸುವ ಬೆಳಕನ್ನು, ಅಳೆಯಿರಿ.

ಮಿಡಿತಗಳ ನಡುವಣ ಸಮಯದ ಅಂತರವನ್ನು ಕನ್ನಡಿ ಸರಿಸಿ ಹೊಂದಿಸಬೇಕು: ಬೆಳಕನ್ನು ಬಂದ ದಾರಿಗೇ ಹಿಂತಿರುಗಿಸುವ ಕನ್ನಡಿ 1 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಹಿಂದೆ ಸರಿದರೆ, ದಾರಿ 2 ಮೈಕ್ರಾನ್ ಹೆಚ್ಚಿ, ಮಿಡಿತ ಸುಮಾರು 6.7 ಫೆಮ್ಟೊಸೆಕೆಂಡ್ (ಒಂದು ಫೆಮ್ಟೊಸೆಕೆಂಡ್ ಎಂದರೆ ಸೆಕೆಂಡಿನ ಹತ್ತು ಕೋಟಿ ಕೋಟಿಯಲ್ಲೊಂದು ಭಾಗ) ತಡವಾಗುತ್ತದೆ. ಒಡೆಯುವಿಕೆ ಮುಗಿಯಲು ಬೇಕಾದದ್ದೇ ಸುಮಾರು 200 ಫೆಮ್ಟೊಸೆಕೆಂಡ್. ಆದ್ದರಿಂದ ಎರಡೂ ಮಿಡಿತಗಳು ಒಟ್ಟಿಗೆ ತಲುಪುವ ಸೊನ್ನೆ ಕ್ಷಣವನ್ನು ಅತ್ಯಂತ ಜಾಗರೂಕತೆಯಿಂದ ಗುರುತಿಸಿಕೊಳ್ಳಿ.

ನಂತರ ಎರಡನೆಯ ಮಿಡಿತದ ತರಂಗಾಂತರವನ್ನು ಸ್ವಲ್ಪ ಹೆಚ್ಚಿಸಿ ನೋಡಿ: ಮಿಡಿತಗಳ ನಡುವಣ ಸಮಯ ಹೆಚ್ಚಿದಂತೆ ಪ್ರತಿದೀಪ್ತಿಯ ಸಂಕೇತ ಏರಿ, ಮರಳಿ ಇಳಿಯುತ್ತದೆ. ಅದು ಇನ್ನೂ ಪೂರ್ತಿ ಬೇರ್ಪಡದ ಅಣುವಿನ ಗುರುತು. ಅಯೋಡಿನ್ ಸಯನೈಡ್ ವಿಷಕಾರಿ. ವಿಷಾನಿಲವನ್ನು ಹೊರಗೆಳೆಯುವ ಧೂಮಕಪಾಟಿನ (ಫ್ಯೂಮ್ ಹುಡ್) ಹೊರಗೆ ತೆರೆಯಬೇಡಿ.