123456789 ಅನ್ನು ಕೈಯಲ್ಲೇ ಬಿಡಿಸಿದ್ದು

ಕಂಪ್ಯೂಟರಿಗೆ ಕೊಟ್ಟರೆ 123456789ರ ಅಪವರ್ತನಗಳು ತಕ್ಷಣ ಸಿಗುತ್ತವೆ. ನನಗೆ ಉತ್ತರಕ್ಕಿಂತ ದಾರಿ ಬೇಕಿತ್ತು. ಹಾಗಾಗಿ ಪೆನ್ನು, ಕಾಗದ ಹಿಡಿದು ಕೂತೆ.

ಅಂಕಿಗಳನ್ನು ಕೂಡಿದರೆ 45. ಅಂದರೆ 9ರಿಂದ ಭಾಗವಾಗುತ್ತದೆ. ಉಳಿದದ್ದು 13717421. ಇದರ ಅಂಕಿಗಳ ಮೊತ್ತ 26, ಇನ್ನು 3ರ ಕೆಲಸ ಮುಗಿಯಿತು. 7, 11, 13, 17 ಎಲ್ಲದಕ್ಕೂ ಶೇಷ ಉಳಿಯಿತು. ಒಂದೊಂದೇ ಅವಿಭಾಜ್ಯ ಸಂಖ್ಯೆಯಿಂದ ಭಾಗಿಸುತ್ತಾ ಹೋಗುವ ಈ ದಾರಿಯಲ್ಲಿ ಮುಂದುವರಿದಿದ್ದರೆ 500ಕ್ಕೂ ಜಾಸ್ತಿ ಭಾಗಾಕಾರ ಮಾಡಬೇಕಿತ್ತು.

ಅದನ್ನು ಬಿಟ್ಟು ಫ್ರೆಂಚ್ ಗಣಿತಜ್ಞ ಫರ್ಮಾ ಅವರ ವಿಧಾನ ಹಿಡಿದೆ. 17ನೇ ಶತಮಾನದ್ದು, ಆದರೂ ಕೈಲೆಕ್ಕಕ್ಕೆ ಇವತ್ತಿಗೂ ಸೊಗಸು. ಬೆಸ ಸಂಖ್ಯೆಯನ್ನು ಎರಡು ವರ್ಗಗಳ ವ್ಯತ್ಯಾಸವಾಗಿ ಬರೆಯಲು ಸಾಧ್ಯವಾದರೆ, ಆ ಎರಡು ಮೂಲಗಳನ್ನು ಕೂಡಿದ್ದು ಒಂದು ಅಪವರ್ತನ, ಕಳೆದದ್ದು ಇನ್ನೊಂದು. 13717421ರ ವರ್ಗಮೂಲ 3703ಕ್ಕಿಂತ ಸ್ವಲ್ಪ ಹೆಚ್ಚು. ಹಾಗಾಗಿ 3704ರಿಂದ ಶುರು. ಅದರ ವರ್ಗ 13719616. ನಮ್ಮ ಸಂಖ್ಯೆಯನ್ನು ಕಳೆದರೆ 2195, ಪೂರ್ಣವರ್ಗ ಅಲ್ಲ. ಮುಂದಿನದು 3705, ವರ್ಗ 13727025. ಕಳೆದರೆ 9604. ಅದು 98ರ ವರ್ಗ!

3705ರಿಂದ 98 ಕಳೆದರೆ 3607, ಕೂಡಿದರೆ 3803. ಎರಡನೇ ಹೆಜ್ಜೆಗೇ ಸಿಕ್ಕಿತು, ಯಾಕೆಂದರೆ ಅಪವರ್ತನಗಳು ಒಂದಕ್ಕೊಂದು ಹತ್ತಿರ ಇದ್ದವು. ದೂರ ಇದ್ದಿದ್ದರೆ ಇದೇ ವಿಧಾನ ಸುಸ್ತು ಮಾಡುತ್ತಿತ್ತು. ಎರಡು ದೊಡ್ಡ ಅವಿಭಾಜ್ಯಗಳ ಗುಣಲಬ್ಧದ ಮೇಲೆ ನಿಂತ ಆರ್‌ಎಸ್‌ಎ ಗೂಢಲಿಪಿಗೆ ತೀರಾ ಹತ್ತಿರದ ಎರಡು ಅವಿಭಾಜ್ಯಗಳನ್ನು ಆರಿಸಬಾರದು ಅನ್ನುವುದೂ ಇದಕ್ಕೇ.

3607 ಅವಿಭಾಜ್ಯವೇ ಅಂತ ನೋಡಲು 59ರವರೆಗಿನ ಅವಿಭಾಜ್ಯಗಳು ಸಾಕು, 3803ಕ್ಕೆ 61ರವರೆಗೆ. ಎರಡೂ ಪಾಸಾದವು. ಇಷ್ಟು ಕೈಗೆ ಬಂದ ಮೇಲೆ ಇದು ಎಂಥ ಸಂಖ್ಯೆ ಅಂತ ಹೇಳುವುದೆಲ್ಲಾ ಪುಕ್ಕಟೆ. 3ರ ವರ್ಗ ಒಂದು, ಅವಿಭಾಜ್ಯ ಎರಡು, ಹಾಗಾಗಿ ಒಟ್ಟು ಭಾಜಕಗಳು 12. ಸಂಖ್ಯೆಯನ್ನೇ ಬಿಟ್ಟು ಉಳಿದ ಭಾಜಕಗಳನ್ನು ಕೂಡಿದರೆ 54966027. ಇದು ಸಂಖ್ಯೆಗಿಂತ ಎಷ್ಟೋ ಕಡಿಮೆ, ಆದ್ದರಿಂದ 123456789 ಕೊರತೆಯ ಸಂಖ್ಯೆ. 4ರಿಂದ ಭಾಗಿಸಿದರೆ ಶೇಷ 1, ಹಾಗಾಗಿ ಎರಡು ವರ್ಗಗಳ ಮೊತ್ತ ಆಗಬಹುದೇನೋ ಅನ್ನಿಸುತ್ತದೆ, ಅಲ್ವಾ? ಆಗುವುದಿಲ್ಲ. 3607 ಮತ್ತು 3803 ಎರಡಕ್ಕೂ 4ರಿಂದ ಭಾಗಿಸಿದರೆ ಶೇಷ 3. ಅಂಥ ಅವಿಭಾಜ್ಯ ಒಂದೇ ಸಲ ಬಂದರೆ ಆ ದಾರಿ ಮುಚ್ಚಿತು.

ಆಮೇಲೆ ಸುಮ್ನೆ ಕೊನೆಗೊಂದು ಸೊನ್ನೆ ಹಚ್ಚಿ ನೋಡಿದೆ. 1234567890ಕ್ಕೆ ಹೊಸದಾಗಿ ಸೇರಿದ್ದು 2 ಮತ್ತು 5 ಮಾತ್ರ. ಆದರೆ ಭಾಜಕಗಳು 12ರಿಂದ 48ಕ್ಕೆ ಏರಿದವು. ತನ್ನನ್ನು ಬಿಟ್ಟ ಮೊತ್ತ 1977042798, ಸಂಖ್ಯೆಗಿಂತ ದೊಡ್ಡದು. ಕೊರತೆಯದು ಸಮೃದ್ಧವಾಯಿತು. 6ರಿಂದ ಭಾಗವಾಗುವ, 6ಕ್ಕಿಂತ ದೊಡ್ಡದಾದ ಯಾವ ಸಂಖ್ಯೆಯೂ ಸಮೃದ್ಧವೇ, ಆದ್ದರಿಂದ ಕೂಡದೆಯೂ ಹೇಳಬಹುದಿತ್ತು. ಕೂಡಿ ನೋಡುವ ಮಜಾ ಬೇರೆ. ಜೊತೆಗೆ ಇದು ಭಾರತದ ಗಣಿತಜ್ಞ ಕಾಪ್ರೇಕರ್ ಹೆಸರಿಟ್ಟ ಹರ್ಷದ ಸಂಖ್ಯೆಯೂ ಹೌದು: ಅಂಕಿಗಳ ಮೊತ್ತವಾದ 45ರಿಂದಲೇ ಭಾಗಿಸಿದರೆ 27434842, ಶೇಷ ಇಲ್ಲ. ಸೊನ್ನೆ ಇಲ್ಲದ 123456789ಕ್ಕೆ ಈ ಭಾಗ್ಯ ಇಲ್ಲ. ಅದು 5ರಿಂದ ಭಾಗವಾಗುವುದಿಲ್ಲ.