ವೇಲ್ಸ್ ಪೊಲೀಸ್ ಕತೆಗಳನ್ನು ಕೇಳುವುದು ಹೇಗೆ? ತಂಗಿಗೆ ಹೇಳಿಕೊಟ್ಟಿದ್ದು

ಬ್ರಿಟನ್ನಿನ ವೇಲ್ಸ್‌ನಲ್ಲಿ ಕಾರ್ಮಾರ್ಥನ್‌ನಿಂದ ಲ್ಯಾಂಪೀಟರ್ ಕಡೆ ಎ485 ರಸ್ತೆ ಹಿಡಿದರೆ ಮೊಬೈಲ್ ಸಿಗ್ನಲ್ ಬಂದು ಹೋಗಿ ಮಾಡುತ್ತದೆ. ಅದಕ್ಕೇ ನಾನು ಹಿಂದಿನ ರಾತ್ರಿಯೇ ಆಡಿಯೋ ಪುಸ್ತಕವನ್ನು ಫೋನಿಗೆ ಇಳಿಸಿಕೊಂಡಿರುತ್ತೇನೆ. ಮನೆಮನೆಗೆ ಹೋಗಿ ಗಾಯಕ್ಕೆ ಡ್ರೆಸ್ಸಿಂಗ್ ಮಾಡುವ, ಇನ್ಸುಲಿನ್ ಕೊಡುವ ನರ್ಸ್ ನಾನು. ದಿನಕ್ಕೆ ಎರಡು ಮೂರು ಗಂಟೆ ಕಾರಿನಲ್ಲೇ ಕಳೆಯುತ್ತದೆ. ಆ ಹೊತ್ತನ್ನು ತುಂಬಿದ್ದು ಇಲ್ಲಿಯದೇ ಪೊಲೀಸ್ ಪತ್ತೇದಾರಿ ಕತೆಗಳು.

ಸಾಗರದಲ್ಲಿರುವ ನನ್ನ ತಂಗಿಯೂ ಕೇಳಲು ಹೊರಟಳು. ಮೂರನೇ ಅಧ್ಯಾಯಕ್ಕೆ ಬಿಟ್ಟಳು. "ಅಕ್ಕಾ, ಯಾರು ಸತ್ತರು ಅಂತಾನೇ ಗೊತ್ತಾಗಲಿಲ್ಲ, ಎಲ್ಲರ ಹೆಸರೂ ಒಂದೇ ಥರ" ಅಂದಳು. ಅವಳಿಗೆ ಹೇಳಿಕೊಟ್ಟಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ಚಿಕ್ಕ ನೋಟ್‌ಬುಕ್ ಇಟ್ಟುಕೊಳ್ಳಿ. ಹೆಸರು ಕಿವಿಗೆ ಹೇಗೆ ಬಿತ್ತೋ ಹಾಗೆ ಕನ್ನಡದಲ್ಲಿ ಬರೆದುಕೊಳ್ಳಿ. ಇಂಗ್ಲಿಷ್ ಸ್ಪೆಲ್ಲಿಂಗ್ ಹುಡುಕಲು ಹೋಗಬೇಡಿ. ವೆಲ್ಷ್ ಭಾಷೆಯ ಬರವಣಿಗೆಯೂ ಹೆಚ್ಚುಕಡಿಮೆ ನಮ್ಮದರ ಹಾಗೆ, ನುಡಿದಂತೆ ಬರೆಯುವುದು. ಆದರೆ ಅಕ್ಷರಗಳ ಬೆಲೆಯೇ ಬೇರೆ. ಎಫ್ ಒಂದಿದ್ದರೆ 'ವ', ಎರಡಿದ್ದರೆ 'ಫ'. ಡಬ್ಲ್ಯು ಎಷ್ಟೋ ಕಡೆ 'ಉ' ಸ್ವರ. ಎಸ್-ಐ-ಎ-ಎನ್ ಅಂತ ಬರೆದ ಹುಡುಗಿಯ ಹೆಸರು 'ಶಾನ್'. ಪುಸ್ತಕ ಹಿಡಿದು ಓದುವವರು ಇಲ್ಲಿ ಎಡವುತ್ತಾರೆ. ಕೇಳುವವರಿಗೆ ಆ ಕಷ್ಟವೇ ಇಲ್ಲ. ಇನ್ನೊಂದು ವಿಷಯ, ಒತ್ತು ಸಾಮಾನ್ಯವಾಗಿ ಕೊನೆಯ ಉಚ್ಚಾರದ ಹಿಂದಿನದಕ್ಕೆ ಬೀಳುತ್ತದೆ. ಅಬರಿಸ್ಟ್‌ವಿತ್ ಅನ್ನುವಾಗ 'ರಿಸ್ಟ್' ಜೋರಾಗಿ ಕೇಳಬೇಕು.

ಕಷ್ಟದ ಶಬ್ದ ಒಂದೇ, ಎರಡು ಎಲ್ ಸೇರಿದಾಗ ಬರುವುದು. ನಾಲಿಗೆಯ ತುದಿಯನ್ನು 'ಲ' ಹೇಳುವ ಜಾಗದಲ್ಲೇ ಇಡಿ. ದನಿ ಹೊರಡಿಸದೆ ನಾಲಿಗೆಯ ಪಕ್ಕದಿಂದ ಗಾಳಿ ಬಿಡಿ. ಪಕ್ಕದ ಮನೆಯ ಅಜ್ಜ ತಮ್ಮ ಗೇಟಿನ ಹತ್ತಿರ ನಿಂತು ನನಗೆ ಇದನ್ನು ಕಲಿಸಿದರು. ನಾನು 'ಲ' ಬರೆದು ಕೆಳಗೊಂದು ಚುಕ್ಕೆ ಇಡುತ್ತೇನೆ. ದುಡ್ಡು ಕೊಡುವ ಮುಂಚೆ ಪುಸ್ತಕ ಓದಿ ಹೇಳುವವರು ಹೇಗಿದ್ದಾರೆ ಅಂತ ನೋಡಲೂ ಇದೇ ಪರೀಕ್ಷೆ. ಆಡಿಯೋ ಪುಸ್ತಕ ಮಾರುವ ಆಡಿಬಲ್ ಆಪ್‌ನಲ್ಲಿ ಪ್ರತಿ ಪುಸ್ತಕಕ್ಕೂ ಕೆಲವು ನಿಮಿಷದ ಸ್ಯಾಂಪಲ್ ಇರುತ್ತದೆ. ಅದರಲ್ಲಿ ಈ ಶಬ್ದವಿರುವ ಊರಿನ ಹೆಸರು, ಲ್ಯಾನೆಲ್ಲಿಯೋ ಲ್ಯಾಂಡೈಲೋನೋ, ಬರುವವರೆಗೆ ಕೇಳಿ. ಸುಮ್ನೆ 'ಲ' ಅಂತ ಓದಿ ಮುಂದೆ ಹೋದರೆ ನಾನು ಕೊಳ್ಳುವುದಿಲ್ಲ. ಹತ್ತು ಗಂಟೆ ಜೊತೆಗಿರುವ ದನಿ ಅದು, ಊರಿನ ಹೆಸರನ್ನು ಮರ್ಯಾದೆಯಿಂದ ಹೇಳಬೇಕು.

ಈಗ ತಂಗಿಯ ದೂರಿಗೆ ಬರೋಣ. ಎಲ್ಲರ ಹೆಸರೂ ಒಂದೇ ಥರ ಅನ್ನಿಸುವುದು ನಿಜ. ವೇಲ್ಸ್‌ನಲ್ಲಿ ಜೋನ್ಸ್, ಡೇವಿಸ್, ಎವಾನ್ಸ್, ವಿಲಿಯಮ್ಸ್, ಥಾಮಸ್ ಇಷ್ಟರಲ್ಲೇ ಅರ್ಧ ಊರು ಮುಗಿಯುತ್ತದೆ. ಹಾಗಾಗಿ ಹಳ್ಳಿಯವರು ಕಸುಬಿನ ಹೆಸರು ಸೇರಿಸುತ್ತಾರೆ, ಇಲ್ಲವೇ ತೋಟದ ಹೆಸರಿನಿಂದಲೇ ಕರೆಯುತ್ತಾರೆ. ನಮ್ಮ ಮಲೆನಾಡಿನಲ್ಲಿ 'ಅಂಗಡಿ ಶ್ರೀನಿವಾಸ', 'ಕೆಳಗಿನಮನೆ ಗಣಪಣ್ಣ' ಅನ್ನುತ್ತೇವಲ್ಲ, ಹಾಗೇ. ನೀವೂ ಹಾಗೇ ಮಾಡಿ. 'ಕುರಿ ಜೋನ್ಸ್', 'ದೋಣಿ ಜೋನ್ಸ್', 'ಮೊದಲ ಹೆಂಡತಿ' ಅಂತ ಗುರುತು ಹಾಕಿಕೊಳ್ಳಿ. ಎರಡನೇ ದಿನಕ್ಕೆ ಗೊಂದಲ ಕಡಿಮೆಯಾಗುತ್ತದೆ.

ಊರಿನ ಹೆಸರುಗಳನ್ನೂ ಬಿಡಿಸಿ ನೋಡಿ. ನನಗೆ ಇದು ತುಂಬಾ ಇಷ್ಟ. 'ಅಬರ್' ಅಂದರೆ ನದಿ ಸಮುದ್ರವನ್ನೋ ಇನ್ನೊಂದು ನದಿಯನ್ನೋ ಸೇರುವ ಜಾಗ. 'ಕುಮ್' ಕಣಿವೆ. 'ಪಾಂಟ್' ಸೇತುವೆ. 'ಲ್ಯಾನ್' ಚರ್ಚು ಇರುವ ಊರು. 'ಬ್ರಿನ್' ಗುಡ್ಡ. ಕೆರೆ, ಹಳ್ಳಿ, ಕಟ್ಟೆ ಅಂತ ಕೊನೆಯಾಗುವ ನಮ್ಮ ಊರುಗಳಂತೆ ಇಲ್ಲಿ ಹೆಸರಿನಲ್ಲೇ ನೆಲ ಕಾಣುತ್ತದೆ. ಹೆಣ ಸಿಕ್ಕ ಊರಿನ ಹೆಸರು 'ಕುಮ್' ಅಂತ ಶುರುವಾದರೆ, ಬಹುಪಾಲು ಎರಡೂ ಕಡೆ ಗುಡ್ಡ, ನಡುವೆ ಹಳ್ಳ, ಒಳಗೆ ಹೋಗಲು ಒಂದೋ ಎರಡೋ ದಾರಿ ಅಂದುಕೊಳ್ಳಬಹುದು. ಒಂದೇ ಊರಿಗೆ ಎರಡು ಹೆಸರಿರುವುದೂ ಉಂಟು. ಸ್ವಾನ್ಸೀ ಅಂದರೂ ಅಬರ್ಟವೆ ಅಂದರೂ ಒಂದೇ. ಕಾರ್ಡಿಫ್‌ಗೆ ವೆಲ್ಷ್‌ನಲ್ಲಿ ಕೈರ್‌ದೀದ್.

ಪೊಲೀಸರ ವಿಷಯದಲ್ಲಿ ಕನ್ನಡದ ಕಿವಿ ಮೊದಲು ಮೋಸ ಹೋಗುವುದು 'ಡಿಸಿ' ಅನ್ನುವಲ್ಲಿ. ನಮಗೆ ಡಿಸಿ ಅಂದರೆ ಜಿಲ್ಲಾಧಿಕಾರಿ. ಇಲ್ಲಿ ಡಿಟೆಕ್ಟಿವ್ ಕಾನ್‌ಸ್ಟೇಬಲ್, ಪತ್ತೇದಾರರಲ್ಲಿ ಎಲ್ಲಕ್ಕಿಂತ ಕೆಳಗಿನ ದರ್ಜೆ. ಅವರ ಮೇಲೆ ಡಿಎಸ್ ಅಂದರೆ ಸಾರ್ಜೆಂಟ್, ಆಮೇಲೆ ಡಿಐ ಅಂದರೆ ಇನ್‌ಸ್ಪೆಕ್ಟರ್, ಆಮೇಲೆ ಡಿಸಿಐ ಅಂದರೆ ಚೀಫ್ ಇನ್‌ಸ್ಪೆಕ್ಟರ್. ಅದರ ಮೇಲೆ ಸೂಪರಿಂಟೆಂಡೆಂಟ್. ಇದನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಬರೆದಿಡಿ.

ವೇಲ್ಸ್‌ನಲ್ಲಿ ನಾಲ್ಕು ಪೊಲೀಸ್ ಪಡೆಗಳಿವೆ: ನಾರ್ತ್ ವೇಲ್ಸ್, ಡವೆದ್-ಪೊವಿಸ್, ಸೌತ್ ವೇಲ್ಸ್, ಗ್ವೆಂಟ್. ಡವೆದ್-ಪೊವಿಸ್ ವಿಸ್ತಾರದಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ಗೇ ದೊಡ್ಡದು, ಆದರೆ ಜನ ಕಡಿಮೆ. ಕತೆಯಲ್ಲಿ ಅವರು ಗಂಟೆಗಟ್ಟಲೆ ಗಾಡಿ ಓಡಿಸುವುದು ಅದಕ್ಕೇ. ವೆಲ್ಷ್‌ನಲ್ಲಿ ಪೊಲೀಸರಿಗಿರುವ ಪದದ ಮೂಲ ಅರ್ಥ 'ಶಾಂತಿಯ ಪಡೆ'. ಅವರ ಗಾಡಿಗಳ ಮೇಲೆ ಆ ಪದ ನೋಡಿದಾಗಲೆಲ್ಲ ನನಗೆ ಖುಷಿ.

ಠಾಣೆಯೊಳಗಿನ ದೃಶ್ಯಕ್ಕೂ ಸ್ವಲ್ಪ ತಯಾರಿ ಬೇಕು. ನಮ್ಮಲ್ಲಿ ಪೊಲೀಸರ ಮುಂದೆ ತಪ್ಪೊಪ್ಪಿಕೊಂಡರೆ ಅದು ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಇಲ್ಲಿ ವಿಚಾರಣೆ ರೆಕಾರ್ಡ್ ಆಗುತ್ತದೆ, ವಕೀಲರು ಪಕ್ಕದಲ್ಲಿ ಕೂರಬಹುದು, ಅಲ್ಲಿ ಆಡಿದ ಮಾತು ಸಾಕ್ಷ್ಯವಾಗಬಹುದು. ಆದ್ದರಿಂದ ಈ ಕತೆಗಳಲ್ಲಿ ವಿಚಾರಣೆಯ ಕೋಣೆಯೇ ರಣರಂಗ. ಗಡಿಯಾರವೂ ಓಡುತ್ತಿರುತ್ತದೆ. ಹಿಡಿದವರನ್ನು ಆರೋಪ ಹೊರಿಸದೆ 24 ಗಂಟೆ ಇಟ್ಟುಕೊಳ್ಳಬಹುದು. ಅಪರಾಧ ಗಂಭೀರವಾಗಿದ್ದರೆ ಸೂಪರಿಂಟೆಂಡೆಂಟ್ ಅದನ್ನು 36ಕ್ಕೆ ಏರಿಸಬಹುದು. ಆಮೇಲೆ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಹೋಗಬೇಕು, ಅಲ್ಲೂ ಒಟ್ಟು 96 ಗಂಟೆಗಿಂತ ಜಾಸ್ತಿ ಸಿಗುವುದಿಲ್ಲ. ಇದು ಗೊತ್ತಿದ್ದರೆ 'ಇನ್ನು ಆರು ಗಂಟೆ ಇದೆ' ಅಂತ ಡಿಸಿಐ ಹೇಳಿದಾಗ ನಿಮಗೂ ಎದೆ ಹೊಡೆದುಕೊಳ್ಳುತ್ತದೆ.

ಮಾತಿನ ಧಾಟಿಯಲ್ಲೂ ಸುಳಿವಿರುತ್ತದೆ. ಅಜ್ಜಿಗೆ ದಕ್ಷಿಣದವರು 'ಮಾಮ್‌ಗಿ' ಅನ್ನುತ್ತಾರೆ, ಉತ್ತರದವರು 'ನೈನ್'. 'ಈಗ' ಅನ್ನಲು ದಕ್ಷಿಣದಲ್ಲಿ 'ನೌರ್', ಉತ್ತರದಲ್ಲಿ 'ರೂಆನ್'. ಇಂಗ್ಲಿಷ್ ಅಕ್ಷರದಲ್ಲಿ (nawr, rwan) ಬರೆದು ನೋಡಿದರೆ ಒಂದನ್ನು ತಿರುಗಿಸಿದರೆ ಇನ್ನೊಂದು. ಧಾರವಾಡದವರ ಮಾತು ಕೇಳಿದ ತಕ್ಷಣ ನಮಗೆ ಗೊತ್ತಾಗುತ್ತದೆ, ಅಲ್ವಾ? ಅದೇ ಥರ. ಚೆನ್ನಾಗಿ ಓದಿ ಹೇಳುವವರು ಈ ವ್ಯತ್ಯಾಸವನ್ನು ದನಿಯಲ್ಲೇ ತರುತ್ತಾರೆ. ಅಪರಿಚಿತ ಎಲ್ಲಿಯವನು ಅಂತ ಪತ್ತೇದಾರರಿಗಿಂತ ಮೊದಲೇ ನಿಮಗೆ ಹೊಳೆಯಬಹುದು.

ಕೇಳುವ ಕ್ರಮ ಹೇಳುತ್ತೇನೆ. ಮೊದಲ ಅಧ್ಯಾಯವನ್ನು ಎರಡು ಸಲ ಕೇಳಿ. ಮೊದಲ ಪುಸ್ತಕ ಮುಗಿಯುವವರೆಗೆ ವೇಗ ಏರಿಸಬೇಡಿ. ಹೆಸರು ತಪ್ಪಿತೋ, ಮೂವತ್ತು ಸೆಕೆಂಡು ಹಿಂದೆ ಹೋಗಿ. ಮಲಗುವಾಗ ಕೇಳುವವರು ಟೈಮರನ್ನು ನಿಮಿಷಕ್ಕಲ್ಲ, ಅಧ್ಯಾಯದ ಕೊನೆಗೆ ಇಡಿ. ಕಾರಿನಲ್ಲಾದರೆ ಸ್ಪೀಕರಿನಲ್ಲೇ ಕೇಳಿ, ಕಿವಿಗೆ ಏನೂ ಹಾಕಿಕೊಳ್ಳಬೇಡಿ. ಊರೊಳಗೆ ಬಂದ ಕೂಡಲೇ ನಾನು ನಿಲ್ಲಿಸಿಬಿಡುತ್ತೇನೆ. ಇಲ್ಲಿ 2023ರಿಂದ ಊರೊಳಗಿನ ಹೆಚ್ಚಿನ ರಸ್ತೆಗಳಲ್ಲಿ ವೇಗದ ಮಿತಿ ಗಂಟೆಗೆ 20 ಮೈಲಿ, ಕಣ್ಣು ಕಿವಿ ಎರಡೂ ರಸ್ತೆಯ ಮೇಲೇ ಇರಬೇಕು.

ಎಲ್ಲಿಂದ ಶುರು ಮಾಡಲಿ ಅಂದರೆ, ನಾನು ಕೈಗೆ ಕೊಡುವುದು ರೀಸ್ ಡಿಲನ್ ಅವರ ಎವಾನ್ ವಾರ್ಲೋ ಸರಣಿ. ಮೊದಲ ಪುಸ್ತಕ 'ದಿ ಎಂಜಿನ್ ಹೌಸ್'. ನಿವೃತ್ತನಾದ ಡಿಸಿಐ ವಾರ್ಲೋನನ್ನು ಹಳೆಯ ಪ್ರಕರಣಕ್ಕಾಗಿ ಮತ್ತೆ ಕರೆಸುತ್ತಾರೆ. ಕಡಲ ಅಂಚಿನ ದಾರಿ ಕತೆಗೆ ಬೇಕೇಬೇಕು. ವೇಲ್ಸ್‌ನ ತೀರದ ಉದ್ದಕ್ಕೂ 870 ಮೈಲಿಯ ಕಾಲುದಾರಿ ಇದೆ, 2012ರಲ್ಲಿ ತೆರೆದದ್ದು. ಪೆಂಬ್ರೋಕ್‌ಶೈರ್ ಭಾಗದಲ್ಲಿ ನಾನು ಒಮ್ಮೆ ನಡೆದಿದ್ದೇನೆ. ಬಂಡೆಯ ಅಂಚಿನಲ್ಲಿ ಗಾಳಿಗೆ ಮಾತೇ ಕೇಳುವುದಿಲ್ಲ. ಆ ನಡಿಗೆಯ ನಂತರ ಪುಸ್ತಕವನ್ನು ಇನ್ನೊಮ್ಮೆ ಮೊದಲಿನಿಂದ ಕೇಳಿದೆ.

ಸರಣಿಯನ್ನು ಮಾತ್ರ ಕ್ರಮವಾಗಿಯೇ ಕೇಳಿ. ಕೊಲೆ ಆಯಾ ಪುಸ್ತಕಕ್ಕೇ ಮುಗಿಯುತ್ತದೆ. ಆದರೆ ಪೊಲೀಸರ ಮನೆ, ಮಕ್ಕಳು, ಕಾಯಿಲೆ, ವಾರ್ಲೋನ ಕಪ್ಪು ನಾಯಿ ಕ್ಯಾಡಿ, ಇವೆಲ್ಲ ಒಂದರಿಂದ ಇನ್ನೊಂದಕ್ಕೆ ಬೆಳೆಯುತ್ತಾ ಹೋಗುತ್ತವೆ. ನಡುವೆ ಹೊಕ್ಕರೆ ಮದುವೆ ಮನೆಗೆ ಊಟದ ಹೊತ್ತಿಗೆ ಹೋದ ಹಾಗೆ, ಯಾರು ಯಾರಿಗೆ ಏನಾಗಬೇಕು ಅಂತ ತಿಳಿಯುವುದಿಲ್ಲ.

ನಿನ್ನೆ ತಂಗಿ ವಾಟ್ಸಾಪಿನಲ್ಲಿ ತನ್ನ ನೋಟ್‌ಬುಕ್ಕಿನ ಫೋಟೋ ಕಳಿಸಿದಳು. ಅಡಿಕೆ ಸುಲಿಯುತ್ತಾ ಕೇಳುತ್ತಿದ್ದಾಳಂತೆ, ಏಳನೇ ಅಧ್ಯಾಯ. 'ಲ' ಕೆಳಗೆ ಚುಕ್ಕೆ ಇಟ್ಟಿದ್ದಾಳೆ. ಒಂದು ಹೆಸರಿನ ಸುತ್ತ ಕೆಂಪು ಪೆನ್ನಿನಲ್ಲಿ ಗೆರೆ ಎಳೆದು ಪಕ್ಕದಲ್ಲಿ 'ಇವನೇ' ಅಂತ ಬರೆದಿದ್ದಾಳೆ. ಸರಿಯೋ ತಪ್ಪೋ ನಾನು ಹೇಳಿಲ್ಲ.